ಕೆಸರಿಗಿಳಿದ ಪ್ಲಾಸ್ಟಿಕ್

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಕ್ಲೈಡ್ ನದಿಗೆ ನೀರು ಬಿಡುವ ಒಂದು ಕೊಳಚೆ ನೀರು ಸಂಸ್ಕರಣಾ ಘಟಕವಿದೆ. ಸುಮಾರು ಆರೂವರೆ ಲಕ್ಷ ಜನರ ಬಚ್ಚಲು, ಶೌಚಾಲಯ, ಅಡುಗೆಮನೆ, ವಾಷಿಂಗ್ ಮಷೀನುಗಳ ನೀರು ಅಲ್ಲಿಗೆ ಬಂದು ಸೇರುತ್ತದೆ. ಫಿಯಾನ್ ಮರ್ಫಿ ಮತ್ತು ಸಂಗಡಿಗ ಸಂಶೋಧಕರು ಆ ಘಟಕದ ಒಂದೊಂದು ಹಂತದಲ್ಲೂ ನೀರು ಮೊಗೆದು, ಸಣ್ಣ ಕಣ್ಣಿನ ಉಕ್ಕಿನ ಜರಡಿಯಲ್ಲಿ ಸೋಸಿ, ಸಿಕ್ಕ ಪ್ಲಾಸ್ಟಿಕ್ ಕಣಗಳನ್ನು ಎಣಿಸಿದರು. 2016ರಲ್ಲಿ ಲೆಕ್ಕ ಹೊರಬಂತು. ಒಳಬರುವ ನೀರಿನಲ್ಲಿ ಲೀಟರಿಗೆ 15.7 ಕಣ, ಹೊರಹೋಗುವ ನೀರಿನಲ್ಲಿ 0.25, ಅಂದರೆ ನಾಲ್ಕು ಲೀಟರಿಗೆ ಒಂದು. ನೂರಕ್ಕೆ 98ಕ್ಕೂ ಹೆಚ್ಚು ಪಾಲು ನೀರಿನಿಂದ ಮಾಯವಾಗಿತ್ತು.

ಅದೇ ಪ್ರಬಂಧದಲ್ಲಿ ಇನ್ನೊಂದು ಸಂಖ್ಯೆಯೂ ಇತ್ತು. ಇಷ್ಟೆಲ್ಲ ತೆಗೆದ ಮೇಲೂ ಆ ಒಂದೇ ಘಟಕದಿಂದ ನದಿಗೆ ಬೀಳುವ ಕಣಗಳು ದಿನಕ್ಕೆ ಆರೂವರೆ ಕೋಟಿ. ದಿನವೊಂದಕ್ಕೆ ಸುಮಾರು 26 ಕೋಟಿ ಲೀಟರ್ ನೀರು ಹೊರಬಿಡುವ ಕಡೆ ಲೀಟರಿಗೆ ಕಾಲು ಕಣ ಉಳಿದರೂ ಒಟ್ಟು ಅಷ್ಟಾಗುತ್ತದೆ.

ಎರಡೂ ಸಂಖ್ಯೆ ಸರಿಯೇ. ಘಟಕ ನಡೆಸುವವರು ಮೊದಲನೆಯದನ್ನು ಹೇಳುತ್ತಾರೆ, ನದಿಯ ಪರ ನಿಂತವರು ಎರಡನೆಯದನ್ನು. ನೀರಿನಿಂದ ಹೊರಬಿದ್ದ ಆ 98 ಪಾಲು ಹೋದದ್ದಾದರೂ ಎಲ್ಲಿಗೆ ಎಂದು ಕೇಳುವವರು ಮಾತ್ರ ಕಡಿಮೆ. ಪ್ಲಾಸ್ಟಿಕ್ ಅಲ್ಲಿ ಕರಗಿಲ್ಲ, ಕೊಳೆತಿಲ್ಲ. ಜಾಗ ಬದಲಿಸಿದೆ, ಅಷ್ಟೆ.

ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಎಂಬ ಹೆಸರು ಚಾಲ್ತಿಗೆ ಬಂದದ್ದು 2004ರಲ್ಲಿ, ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ತಂಡದವರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಪುಟ್ಟ ಲೇಖನದಿಂದ. ಆಗ ಎಲ್ಲರ ಕಣ್ಣು ಸಮುದ್ರದ ಮೇಲಿತ್ತು. ದಡದ ಮರಳಿನಲ್ಲಿ ಸಿಗುವ ಎಳೆಗಳು ಬಟ್ಟೆಯವು, ಒಗೆದ ನೀರಿನ ಜೊತೆ ಚರಂಡಿ ಹಿಡಿದು ಬಂದವು ಎಂದು ಮಾರ್ಕ್ ಬ್ರೌನ್ ತೋರಿಸಿದ್ದು 2011ರಲ್ಲಿ. ಒಂದು ಉಡುಪು ಒಂದು ಸಲ ಒಗೆದಾಗ 1,900ಕ್ಕೂ ಹೆಚ್ಚು ಎಳೆ ಬಿಡಬಹುದು ಎಂಬುದು ಅವರ ಅಂದಾಜು. ಐದು ವರ್ಷದ ನಂತರ ಇಮೊಜೆನ್ ನ್ಯಾಪರ್ ಮತ್ತು ಥಾಂಪ್ಸನ್ ಇನ್ನೂ ಜಾಗ್ರತೆಯಿಂದ ಅಳೆದರು. ಆರು ಕಿಲೋ ಅಕ್ರಿಲಿಕ್ ಬಟ್ಟೆಯ ಒಂದು ಒಗೆತಕ್ಕೆ 7 ಲಕ್ಷಕ್ಕೂ ಹೆಚ್ಚು ಎಳೆ, ಅಷ್ಟೇ ತೂಕದ ಪಾಲಿಯೆಸ್ಟರಿಗೆ ಸುಮಾರು 5 ಲಕ್ಷ. ಹತ್ತಿ ಬೆರೆಸಿದ ಪಾಲಿಯೆಸ್ಟರಾದರೆ 1.4 ಲಕ್ಷದ ಹತ್ತಿರ.

ಇತಿಹಾಸ ಇಲ್ಲೊಂದು ತಮಾಷೆ ಮಾಡಿದೆ. ಕೊಳಚೆ ನೀರಿಗೆ ಗಾಳಿ ಊದಿ, ಸೂಕ್ಷ್ಮಾಣುಗಳನ್ನು ಸಾಕಿ, ಅವುಗಳಿಂದಲೇ ಕೊಳೆಯನ್ನು ತಿನ್ನಿಸುವ ವಿಧಾನವನ್ನು ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬಿಬ್ಬರು 1914ರಲ್ಲಿ ಪ್ರಕಟಿಸಿದರು. ಊರು ಮ್ಯಾಂಚೆಸ್ಟರ್. ಇಂದು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಗುಯ್‌ಗುಡುವ ಎಸ್‌ಟಿಪಿಗಳೂ (ಪುಟ್ಟ ಕೊಳಚೆ ನೀರು ಸಂಸ್ಕರಣಾ ಘಟಕಗಳು) ಬಹುಪಾಲು ಅದರ ಮೊಮ್ಮಕ್ಕಳೇ. 27 ವರ್ಷದ ಮೇಲೆ, 1941ರಲ್ಲಿ, ಮ್ಯಾಂಚೆಸ್ಟರಿನದೇ ಒಂದು ಬಟ್ಟೆ ಕಂಪನಿಯಲ್ಲಿದ್ದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ನೂಲನ್ನು ಕಂಡುಹಿಡಿದರು. ಹಾಗಾಗಿ ಗಾಳಿ ಊದುವ ಆ ತೊಟ್ಟಿ ಹುಟ್ಟಿದಾಗ ಅದರ ಮುಂದೆ ಪಾಲಿಯೆಸ್ಟರ್ ಎಂಬ ಸಮಸ್ಯೆಯೇ ಇರಲಿಲ್ಲ. ಅದನ್ನು ಕಟ್ಟಿದ್ದು ಮಲ ಮೂತ್ರ, ಅನ್ನದ ಗಂಜಿ, ಸೋಪಿನ ನೊರೆಗಾಗಿ. ಪ್ಲಾಸ್ಟಿಕ್ ಹಿಡಿಯುವುದು ಯಾರೂ ಹೇಳದಿದ್ದರೂ ಅದು ಮಾಡುತ್ತಿರುವ ಹೆಚ್ಚುವರಿ ಕೆಲಸ.

ಆ ಕೆಲಸ ನಡೆಯುವ ಬಗೆ ಸ್ವಾರಸ್ಯದ್ದು. ಘಟಕದ ಬಾಗಿಲಲ್ಲಿರುವ ಕಬ್ಬಿಣದ ಜಾಲರಿಗೆ ಬಟ್ಟೆ ಚಿಂದಿ, ಶಾಂಪೂ ಪಾಕೀಟು, ಗುಟ್ಕಾ ಪೊಟ್ಟಣ ಸಿಗುತ್ತವೆ. ಮೈಕ್ರೋಪ್ಲಾಸ್ಟಿಕ್ ಸಲೀಸಾಗಿ ದಾಟುತ್ತದೆ. ಮೊದಲ ದೊಡ್ಡ ಬೇಟೆ ಅದರ ಮುಂದಿನ ತೊಟ್ಟಿಯಲ್ಲಿ. ಮರಳು ತಳಕ್ಕೆ ಕೂರುವ, ಎಣ್ಣೆ ಜಿಡ್ಡು ಮೇಲೆ ತೇಲುವ ಜಾಗ ಅದು. ಗ್ಲಾಸ್ಗೋದಲ್ಲಿ ಲೀಟರಿಗೆ 15.7 ಇದ್ದ ಕಣ ಇಲ್ಲಿ 8.7ಕ್ಕೆ ಇಳಿಯಿತು. ಕಾರಣ ಜಿಡ್ಡು. ಪ್ಲಾಸ್ಟಿಕ್ ಚೀಲದ ಪಾಲಿಎಥಿಲೀನ್, ಡಬ್ಬಿ ಮುಚ್ಚಳಗಳ ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ. ಮೇಲಾಗಿ ಅವುಗಳಿಗೆ ನೀರಿಗಿಂತ ಎಣ್ಣೆಯ ಸಹವಾಸವೇ ಇಷ್ಟ. ಪಾತ್ರೆ ತೊಳೆದ ನೀರಿನ ಕೊಬ್ಬಿಗೆ ಅಂಟಿಕೊಂಡು ಅವು ಮೇಲೆ ಬರುತ್ತವೆ, ಜಿಡ್ಡು ಬಾಚುವಾಗ ತಾವೂ ಬಾಚಿಹೋಗುತ್ತವೆ. ಮರ್ಫಿ ತಂಡಕ್ಕೆ ಎರಡೂವರೆ ಗ್ರಾಂ ಜಿಡ್ಡಿನಲ್ಲಿ ಸರಾಸರಿ ಇಪ್ಪತ್ತರಷ್ಟು ಕಣ ಸಿಕ್ಕಿದವು. ಲೀಟರ್‌ಗಟ್ಟಲೆ ನೀರಿನಲ್ಲಿ ಹುಡುಕಬೇಕಾದದ್ದು ಇಲ್ಲಿ ಚಮಚದ ತುದಿಯಲ್ಲಿತ್ತು.

ಅಲ್ಲಿಂದ ನೀರು ನಿಧಾನಕ್ಕೆ ಹರಿಯುವ ದೊಡ್ಡ ತೊಟ್ಟಿಗೆ ಹೋಗುತ್ತದೆ. ಇಲ್ಲಿ ಭಾರದ ಸರದಿ. ಬಾಟಲಿ ಮತ್ತು ಬಟ್ಟೆಯ ಪಾಲಿಯೆಸ್ಟರಿನ ಸಾಂದ್ರತೆ ನೀರಿನದಕ್ಕಿಂತ ಮೂರನೇ ಒಂದು ಪಾಲಿಗೂ ಮೀರಿ ಹೆಚ್ಚು. ಪಿವಿಸಿಯೂ ಹೆಚ್ಚುಕಡಿಮೆ ಅಷ್ಟೇ ಭಾರ, ನೈಲಾನ್ ಸ್ವಲ್ಪ ಕಡಿಮೆ. ಇವೆಲ್ಲ ಮುಳುಗಬೇಕು. ಆದರೆ ಮುಳುಗಲು ಭಾರವೊಂದೇ ಸಾಲದು, ಗಾತ್ರವೂ ಬೇಕು. ಕಣದ ಅಡ್ಡಳತೆ ಹತ್ತನೇ ಒಂದಾದರೆ ಅದು ಇಳಿಯುವ ವೇಗ ನೂರನೇ ಒಂದಾಗುತ್ತದೆ. ತೊಟ್ಟಿಯಲ್ಲಿ ನೀರು ನಿಲ್ಲುವುದು ಕೆಲವೇ ಗಂಟೆ. ಅಷ್ಟರಲ್ಲಿ ತಳ ಮುಟ್ಟದ್ದು ಮುಂದಕ್ಕೆ. ಗ್ಲಾಸ್ಗೋದಲ್ಲಿ ಈ ಹಂತ ಮುಗಿದಾಗ ಲೀಟರಿಗೆ 3.4 ಕಣ ಉಳಿದಿದ್ದವು.

ಉಳಿದವನ್ನು ಹಿಡಿಯುವುದು ಸೂಕ್ಷ್ಮಾಣುಗಳು. ಬ್ಲೋವರ್ ಊದುವ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಒಂಟಿಯಾಗಿರುವುದಿಲ್ಲ. ಅಂಟಂಟು ಲೋಳೆ ಸ್ರವಿಸಿ, ಗುಂಪುಗಟ್ಟಿ, ಕಂದು ಬಣ್ಣದ ಮೆತ್ತನೆಯ ಉಂಡೆಗಳಾಗುತ್ತವೆ. ಎಂಜಿನಿಯರುಗಳ ಬಾಯಲ್ಲಿ ಅದು ಫ್ಲಾಕ್. ಪ್ಲಾಸ್ಟಿಕ್ ಚೂರು ಆ ಲೋಳೆಗೆ ಸಿಕ್ಕಿತೆಂದರೆ ಉಂಡೆಯ ಭಾಗವೇ ಆಗಿಬಿಡುತ್ತದೆ. ತೇಲಬೇಕಾದ ಹಗುರ ಪಾಲಿಎಥಿಲೀನ್ ಕೂಡ ಮೈಮೇಲೆ ಬ್ಯಾಕ್ಟೀರಿಯಾ ಪೊರೆ ಬೆಳೆಸಿಕೊಂಡು ಭಾರವಾಗುತ್ತದೆ, ಎಣ್ಣೆಯ ಸಹವಾಸ ಮರೆತು ನೀರಿಗೆ ಒಗ್ಗುತ್ತದೆ, ಕೊನೆಗೆ ಉಂಡೆಯ ಜೊತೆ ತಳ ಸೇರುತ್ತದೆ. ಪ್ಲಾಸ್ಟಿಕ್ಕಿನ ಗುಣ ಪುಸ್ತಕದಲ್ಲಿ ಬರೆದಂತೆ ಚರಂಡಿಯಲ್ಲಿ ಇರುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 3.4 ಇದ್ದದ್ದು 0.25ಕ್ಕೆ ಬಂದದ್ದು ಹೀಗೆ.

ಕೈಗೆ ಸಿಗದೆ ಕಾಡುವುದು ಎಳೆ. ಅದು ಉದ್ದದಲ್ಲಿ ಮಿಲಿಮೀಟರ್‌ಗಟ್ಟಲೆ ಇದ್ದರೂ ದಪ್ಪದಲ್ಲಿ ಮಿಲಿಮೀಟರಿನ ನೂರನೇ ಒಂದೆರಡು ಪಾಲು. ಜರಡಿಯಲ್ಲಿ ಒಣ ಶಾವಿಗೆಯ ತುಂಡು ಅಡ್ಡಡ್ಡ ಬಿದ್ದರೆ ನಿಲ್ಲುತ್ತದೆ, ನೆಟ್ಟಗೆ ನಿಂತರೆ ತೂರಿ ಹೋಗುತ್ತದೆ. ಎಳೆಯ ವರ್ತನೆಯೂ ಅದೇ. ಹೊರಹೋಗುವ ನೀರನ್ನು ಪರೀಕ್ಷಿಸಿದ ಹಲವು ಕಡೆ ಎಳೆಗಳ ಪಾಲು ದೊಡ್ಡದಾಗಿ ಕಾಣಿಸುವುದು ಇದರಿಂದಲೇ.

ಇನ್ನೊಂದು ಜರಡಿ ಸೇರಿಸಿದರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಫಿನ್ಲೆಂಡಿನವರು ಅದನ್ನೂ ಮಾಡಿ ನೋಡಿದ್ದಾರೆ. ಜೂಲಿಯಾ ತಲ್ವಿತಿಯೆ ಮತ್ತು ಸಹೋದ್ಯೋಗಿಗಳು 2017ರಲ್ಲಿ ನಾಲ್ಕು ಬಗೆಯ ಕೊನೆಯ ಹಂತದ ಶುದ್ಧೀಕರಣಗಳನ್ನು ಹೋಲಿಸಿದರು. ಸೂಕ್ಷ್ಮ ರಂಧ್ರದ ಪೊರೆಯ ಮೂಲಕ ನೀರೆಳೆಯುವ ಎಂಬಿಆರ್ ಶೇ 99.9ರಷ್ಟು ತೆಗೆಯಿತು, ಲೀಟರಿಗೆ 6.9 ಇದ್ದ ಕಣ 0.005ಕ್ಕೆ ಇಳಿಯಿತು. ಮರಳಿನ ಸೋಸುವಿಕೆ ಶೇ 97. ಗಾಳಿಗುಳ್ಳೆಗಳಿಂದ ಕೊಳೆಯನ್ನು ಮೇಲೆತ್ತುವ ವಿಧಾನ ಶೇ 95. ತಿರುಗುವ ಬಿಲ್ಲೆಗಳ ಫಿಲ್ಟರ್ ಮಾತ್ರ ಒಮ್ಮೆ 40, ಇನ್ನೊಮ್ಮೆ 98.5. ಎಂಬಿಆರ್ ಗೆದ್ದಿತು, ನಿಜ. ಆದರೆ ಆ ಪೊರೆಗೆ ಬೆಲೆಯಿದೆ, ಕರೆಂಟು ಬೇಕು, ಕಟ್ಟಿಕೊಂಡಾಗ ರಾಸಾಯನಿಕ ಹಾಕಿ ತೊಳೆಯಬೇಕು. ಅದೂ ಪಾಲಿಮರಿನಿಂದಲೇ ಮಾಡಿದ್ದು.

ಇದಕ್ಕಿಂತ ಮುಖ್ಯವಾದ ಸಂಗತಿಯನ್ನು ಅದೇ ತಂಡ ಹೆಲ್ಸಿಂಕಿಯ ವೀಕಿನ್‌ಮಾಕಿ ಘಟಕದಲ್ಲಿ ಕಂಡಿತು. ಬಂಡೆ ಕೊರೆದು ನೆಲದಡಿ ಕಟ್ಟಿದ, ಎಂಟು ಲಕ್ಷಕ್ಕೂ ಹೆಚ್ಚು ಜನರ ಕೊಳಚೆ ತೊಳೆಯುವ ಘಟಕ ಅದು. ಒಳಬಂದ ಸೂಕ್ಷ್ಮ ಕಸದಲ್ಲಿ ಶೇ 99ಕ್ಕೂ ಹೆಚ್ಚು ಅಲ್ಲಿ ನೀರಿನಿಂದ ಬೇರೆಯಾಗುತ್ತಿತ್ತು. ಬೇರೆಯಾದದ್ದರಲ್ಲಿ ನೂರಕ್ಕೆ 80 ಪಾಲು ಒಣಗಿಸಿದ ಕೆಸರಿನಲ್ಲಿತ್ತು. ಉಳಿದ 20? ಕೆಸರು ಹಿಂಡಿದಾಗ ಬಸಿಯುವ ನೀರಿನ ಜೊತೆ ಮತ್ತೆ ಘಟಕದ ಬಾಗಿಲಿಗೇ ಬಂದು, ಸುತ್ತು ಹೊಡೆಯುತ್ತಿತ್ತು.

ಸಂಖ್ಯೆಗಳ ಬಗ್ಗೆ ಒಂದು ಎಚ್ಚರಿಕೆ. ಗ್ಲಾಸ್ಗೋದಲ್ಲಿ ನಾಲ್ಕು ಲೀಟರಿಗೆ ಒಂದು ಕಣ ಸಿಕ್ಕರೆ, ಲಾಸ್ ಏಂಜಲಿಸ್ ಪ್ರಾಂತ್ಯದ ಘಟಕಗಳಲ್ಲಿ ಸ್ಟೀವ್ ಕಾರ್ ತಂಡಕ್ಕೆ 2016ರಲ್ಲಿ ಸಿಕ್ಕದ್ದು ಸರಾಸರಿ 1,140 ಲೀಟರಿಗೆ ಒಂದು. ಅಮೆರಿಕದ ನೀರು ಸ್ಕಾಟ್ಲೆಂಡಿನದಕ್ಕಿಂತ ಮುನ್ನೂರು ಪಟ್ಟು ಶುದ್ಧ ಎಂದು ಇದರಿಂದ ಹೊರಡುವುದಿಲ್ಲ. ಜರಡಿಯ ಕಣ್ಣು ಬೇರೆ, ಎಷ್ಟು ನೀರು ಸೋಸಿದರು ಎಂಬುದು ಬೇರೆ, ಯಾವುದನ್ನು ಪ್ಲಾಸ್ಟಿಕ್ ಎಂದು ಒಪ್ಪಿದರು ಎಂಬುದೂ ಬೇರೆ. ಗ್ಲಾಸ್ಗೋದವರ ಜರಡಿಯ ಕಣ್ಣು 65 ಮೈಕ್ರಾನ್, ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಅದಕ್ಕಿಂತ ಸಣ್ಣದೆಲ್ಲ ಲೆಕ್ಕದಿಂದಲೇ ಹೊರಗೆ. ಶೇಕಡಾವಾರು ಕೇಳಿದ ಕೂಡಲೇ ‘ಎಷ್ಟು ಮೈಕ್ರಾನಿಗಿಂತ ದೊಡ್ಡವು?’ ಎಂದು ಕೇಳದಿದ್ದರೆ ಆ ಅಂಕಿ ಅರ್ಧ ಮಾತ್ರ.

ಎಣಿಸುವ ಕೆಲಸವೇನೂ ಸುಲಭದ್ದಲ್ಲ. ಜರಡಿಯಲ್ಲಿ ಸಿಕ್ಕದ್ದನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿ ಮಲದಂಥ ಸಾವಯವ ಅಂಶ ಕರಗಿಸಬೇಕು. ಗಟ್ಟಿ ಉಪ್ಪುನೀರಿನಲ್ಲಿ ತೇಲಿಸಿ ಮರಳಿನಿಂದ ಬೇರ್ಪಡಿಸಬೇಕು. ಆಮೇಲೆ ಒಂದೊಂದೇ ಕಣಕ್ಕೆ ಅವಗೆಂಪು ಕಿರಣ ಹಾಯಿಸಿ ಅದು ಯಾವ ಪಾಲಿಮರ್ ಎಂದು ಗುರುತಿಸಬೇಕು. ಅಷ್ಟರಲ್ಲಿ ಸಂಶೋಧಕರ ಸ್ವೆಟರಿನಿಂದಲೇ ನಾಲ್ಕು ಎಳೆ ಉದುರಿ ಲೆಕ್ಕ ಕೆಡಿಸಬಹುದು. ಅದಕ್ಕೇ ಪ್ರಯೋಗಾಲಯದಲ್ಲಿ ಹತ್ತಿಯ ಕೋಟೇ ಕಡ್ಡಾಯ, ಪಕ್ಕದಲ್ಲಿ ಖಾಲಿ ತಟ್ಟೆ ಇಟ್ಟು ಗಾಳಿಯಿಂದ ಬಿದ್ದದ್ದನ್ನೂ ಎಣಿಸುತ್ತಾರೆ. ಕಣ್ಣಿಗೆ ಎಳೆಯಂತೆ ಕಂಡದ್ದೆಲ್ಲ ಪ್ಲಾಸ್ಟಿಕ್ಕೂ ಅಲ್ಲ. ಟೊರಾಂಟೊ ವಿಶ್ವವಿದ್ಯಾಲಯದವರ 2020ರ ಅಧ್ಯಯನದಂತೆ ಒಂದು ಜೀನ್ಸ್ ಪ್ಯಾಂಟ್ ಒಂದು ಒಗೆತಕ್ಕೆ ಸುಮಾರು 56,000 ಎಳೆ ಬಿಡುತ್ತದೆ. ಅವು ನೀಲಿ ಬಣ್ಣ ಹತ್ತಿದ ಹತ್ತಿ. ಅವು ಪ್ಲಾಸ್ಟಿಕ್ಕಿನ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಆರ್ಕ್‌ಟಿಕ್ ಸಮುದ್ರದ ತಳದವರೆಗೆ ಹೋಗಿ ಕೂತಿವೆ.

ಇನ್ನು ಕೆಸರಿನ ಕಥೆ. ಯುರೋಪಿನಲ್ಲೂ ಅಮೆರಿಕದಲ್ಲೂ ಸಂಸ್ಕರಣಾ ಘಟಕಗಳ ಕೆಸರಿನ ದೊಡ್ಡ ಪಾಲು ಹೊಲಕ್ಕೆ ಗೊಬ್ಬರವಾಗಿ ಹೋಗುತ್ತದೆ. ಅದು ತಪ್ಪೇನಲ್ಲ, ಅದರಲ್ಲಿ ಸಾರಜನಕವಿದೆ, ರಂಜಕವಿದೆ, ಇಂಗಾಲವಿದೆ. ಲೂಕಾ ನಿಜೆಟೊ ಮತ್ತಿಬ್ಬರು 2016ರಲ್ಲಿ ಹಾಕಿದ ಅಂದಾಜಿನಂತೆ ಅದರ ಜೊತೆ ಯುರೋಪಿನ ಹೊಲಗಳಿಗೆ ವರ್ಷಕ್ಕೆ 63,000ದಿಂದ 4,30,000 ಟನ್ ಮೈಕ್ರೋಪ್ಲಾಸ್ಟಿಕ್ ಸೇರುತ್ತಿರಬಹುದು. ಅಂದಾಜಿನ ಎರಡು ತುದಿಗಳ ನಡುವೆ ಏಳು ಪಟ್ಟು ಅಂತರವಿದೆ ಎಂಬುದನ್ನೂ ಗಮನಿಸಬೇಕು. ಆದರೂ ಕೆಳಗಿನ ತುದಿಯೇ ಸಾಕಷ್ಟು ದೊಡ್ಡದು. ಐರ್ಲೆಂಡಿನ ಏಳು ಘಟಕಗಳ ಕೆಸರನ್ನು ಪರೀಕ್ಷಿಸಿದ ಆನ್ ಮೇರಿ ಮಹೋನ್ ತಂಡಕ್ಕೆ ಒಣ ಕೆಸರಿನ ಕಿಲೋಗೆ 4,196ರಿಂದ 15,385 ಕಣ ಸಿಕ್ಕಿದವು. ರೋಗಾಣು ಸಾಯಲೆಂದು ಸುಣ್ಣ ಬೆರೆಸಿದ ಕೆಸರಿನಲ್ಲಿ ಸಣ್ಣ ಚೂರುಗಳು ಹೆಚ್ಚಿದ್ದವು. ಸಂಸ್ಕರಣೆಯೇ ಪ್ಲಾಸ್ಟಿಕ್ಕನ್ನು ಇನ್ನಷ್ಟು ಪುಡಿ ಮಾಡುತ್ತಿರುವ ಲಕ್ಷಣ ಅದು.

ಮಣ್ಣು ಸೇರಿದ ಎಳೆ ಬೇಗ ಹೋಗುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಜುಬ್ರಿಸ್ ಮತ್ತು ರಿಚರ್ಡ್ಸ್ 2005ರಲ್ಲೇ, ಈ ವಿಷಯಕ್ಕೆ ಯಾರೂ ತಲೆ ಕೆಡಿಸಿಕೊಳ್ಳದ ಕಾಲದಲ್ಲಿ, ಕೆಸರು ಹಾಕಿ 15 ವರ್ಷ ಕಳೆದ ಹೊಲಗಳ ಮಣ್ಣಿನಲ್ಲಿ ಸಿಂಥೆಟಿಕ್ ಎಳೆಗಳನ್ನು ಕಂಡರು. ಅವರು ಮಾಲಿನ್ಯ ಹುಡುಕುತ್ತಿರಲಿಲ್ಲ. ಒಂದು ಹೊಲಕ್ಕೆ ಹಿಂದೆಂದಾದರೂ ಕೆಸರು ಹಾಕಿದ್ದಾರೆಯೇ ಎಂದು ಪತ್ತೆ ಹಚ್ಚಲು ಎಳೆ ಒಳ್ಳೆಯ ಗುರುತಾದೀತೇ ಎಂಬುದು ಅವರ ಪ್ರಶ್ನೆ. ಆಗಬಲ್ಲದು ಎಂಬ ಉತ್ತರ ಬಂತು.

ಸ್ವಿಟ್ಜರ್ಲೆಂಡ್ 2006ರ ಹೊತ್ತಿಗೆ ಹೊಲಕ್ಕೆ ಕೆಸರು ಹಾಕುವುದನ್ನೇ ನಿಲ್ಲಿಸಿತು, ಮೈಕ್ರೋಪ್ಲಾಸ್ಟಿಕ್ಕಿನ ಕಾರಣಕ್ಕಲ್ಲ, ಇತರ ವಿಷಗಳ ಭಯಕ್ಕೆ. ಅಲ್ಲಿ ಕೆಸರನ್ನು ಸುಡುತ್ತಾರೆ. ಪ್ಲಾಸ್ಟಿಕ್ ನಿಜವಾಗಿ ನಾಶವಾಗುವುದು ಹೀಗೆ ಸುಟ್ಟಾಗ ಮಾತ್ರ. ಆದರೆ ಗೊಬ್ಬರವೂ ಬೂದಿಯಾಗುತ್ತದೆ. ಹಾಗೆಂದೇ ಜರ್ಮನಿ ದೊಡ್ಡ ಘಟಕಗಳು 2029ರಿಂದ ರಂಜಕವನ್ನು ಮರಳಿ ಪಡೆಯಬೇಕೆಂದು ನಿಯಮ ಮಾಡಿದೆ. ಸಗಣಿ ಗೊಬ್ಬರದ ಗಾಡಿಗೆ ವರ್ಷಗಟ್ಟಲೆ ಕಾಯುವ ಸಣ್ಣ ರೈತನಿರುವ ನಾಡಿನಲ್ಲಿ ‘ಸುಟ್ಟುಬಿಡಿ’ ಎನ್ನುವುದು ಅಷ್ಟು ಹಗುರದ ಸಲಹೆಯಲ್ಲ.

ಬೆಂಗಳೂರಿನ ಸುತ್ತ ಹನಿಸಕ್ಕರ್ ಲಾರಿಗಳು ಶೌಚಗುಂಡಿಗಳಿಂದ ಹೀರಿದ ಮಡ್ಡಿಯನ್ನು ರೈತರು ಹೊಲಕ್ಕೆ ಬಿಡಿಸಿಕೊಳ್ಳುವುದು ಹಳೆಯ ವಾಡಿಕೆ. ಆ ಮಡ್ಡಿಗೆಂದೇ ಕಟ್ಟಿದ ಸಂಸ್ಕರಣಾ ಘಟಕ ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾಯಿತು. ಅಲ್ಲಿ ಮಡ್ಡಿ ಒಣಗಿ ಗೊಬ್ಬರವಾಗುತ್ತದೆ. ನೀರಿನ ಕಡೆಯಿಂದ ನೋಡಿದರೆ ಇನ್ನೂ ದೊಡ್ಡ ಯೋಜನೆ ಕೆ.ಸಿ. ವ್ಯಾಲಿ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರ ಜೂನ್‌ನಲ್ಲಿ ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ನೂರಕ್ಕೂ ಹೆಚ್ಚು ಕೆರೆ, ದಿನಕ್ಕೆ 44 ಕೋಟಿ ಲೀಟರಿನ ಗುರಿ. ಮರು ತಿಂಗಳೇ ನೊರೆ ಕಾಣಿಸಿ, ಮೂರನೇ ಹಂತದ ಶುದ್ಧೀಕರಣ ಯಾಕಿಲ್ಲ ಎಂಬ ಜಗಳ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವಾದವೆಲ್ಲ ನೊರೆ, ಭಾರಲೋಹ, ಬ್ಯಾಕ್ಟೀರಿಯಾದ ಸುತ್ತಲೇ ಇತ್ತು. ಗ್ಲಾಸ್ಗೋದ ಕಾಲು ಕಣವನ್ನು ಈ 44 ಕೋಟಿ ಲೀಟರಿಗೆ ಹಾಕಿದರೆ ದಿನಕ್ಕೆ 11 ಕೋಟಿ ಕಣ ಎನ್ನುತ್ತದೆ ಗುಣಾಕಾರ. ಇದು ಬರೀ ಗುಣಾಕಾರ, ಅಳತೆಯಲ್ಲ; ಬೆಂಗಳೂರಿನ ಚರಂಡಿ ಗ್ಲಾಸ್ಗೋದ್ದಲ್ಲ. ಆ ನೀರು ಬತ್ತಿದ ಕೊಳವೆಬಾವಿಗಳಿಗೆ ಜೀವ ಕೊಟ್ಟದ್ದೂ ಸುಳ್ಳಲ್ಲ.

ಅಳತೆ ಮಾಡಿ ಎಂದು ನಮ್ಮ ನಿಯಮಗಳು ಕೇಳುವುದೂ ಇಲ್ಲ. ಹೊರಬಿಡುವ ನೀರಿಗೆ ಇರುವ ಮಾನದಂಡ ಬಿಒಡಿ (ಕೊಳೆಯನ್ನು ತಿನ್ನಲು ಸೂಕ್ಷ್ಮಾಣುಗಳಿಗೆ ಬೇಕಾಗುವ ಆಮ್ಲಜನಕ), ಮಲದ ಬ್ಯಾಕ್ಟೀರಿಯಾ, ತೇಲುವ ಘನ ವಸ್ತುವಿನಂಥವು. ಪ್ಲಾಸ್ಟಿಕ್ ಕಣ ಲೆಕ್ಕಕ್ಕೆ ಬಂದರೆ ಈ ಕೊನೆಯದರಲ್ಲೇ ಬರಬೇಕು. ಆದರೆ ಘನ ವಸ್ತುವನ್ನು ತೂಗುವುದು ಮಿಲಿಗ್ರಾಂ ಲೆಕ್ಕದಲ್ಲಿ. ಸಾವಿರ ಎಳೆಗಳಿದ್ದರೂ ತಕ್ಕಡಿ ಅಲುಗುವುದು ಕಷ್ಟ. ಯುರೋಪಿಯನ್ ಒಕ್ಕೂಟ 2024ರಲ್ಲಿ ತಿದ್ದಿ ಬರೆದ ನಗರ ತ್ಯಾಜ್ಯನೀರಿನ ನಿಯಮದಲ್ಲಿ ಹತ್ತು ಸಾವಿರ ಜನಸಂಖ್ಯೆಗೆ ಸಮನಾದ ಮತ್ತು ಅದಕ್ಕೂ ದೊಡ್ಡ ಊರುಗಳು ಒಳಬರುವ ನೀರು, ಹೊರಹೋಗುವ ನೀರು ಎರಡರಲ್ಲೂ ಮೈಕ್ರೋಪ್ಲಾಸ್ಟಿಕ್ ಅಳೆಯಬೇಕೆಂದಿದೆ. ಹೊಲಕ್ಕೆ ಹೋಗುವ ಕೆಸರನ್ನೂ ಮರೆತಿಲ್ಲ.

ಅಳೆಯುವುದಷ್ಟೇ ಅಲ್ಲ, ನಾಶ ಮಾಡುವ ಪ್ರಯತ್ನವೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸೂರ್ಯಸಾರಥಿ ಬೋಸ್ ತಂಡ 2024ರಲ್ಲಿ ಒಂದು ಹೈಡ್ರೋಜೆಲ್ ಸಿದ್ಧಪಡಿಸಿತು. ಮೂರು ಬಗೆಯ ಪಾಲಿಮರ್ ಒಂದರೊಳಗೊಂದು ಹೆಣೆದ ಜೆಲ್, ಅದರೊಳಗೆ ತಾಮ್ರ ಸೇರಿಸಿದ ನ್ಯಾನೊ ಗೊಂಚಲುಗಳು. ಜೆಲ್ ಕಣಗಳನ್ನು ಹಿಡಿಯುತ್ತದೆ. ಅತಿನೇರಳೆ ಬೆಳಕು ಬಿದ್ದಾಗ ಗೊಂಚಲುಗಳು ಆ ಪ್ಲಾಸ್ಟಿಕ್ಕನ್ನು ಒಡೆಯುತ್ತವೆ. ಎರಡು ಬಗೆಯ ಪ್ಲಾಸ್ಟಿಕ್‌ಗಳಲ್ಲಿ ಶೇ 95 ಮತ್ತು 93ರಷ್ಟನ್ನು ಅದು ತೆಗೆಯಿತು, ಐದು ಸಲ ಮತ್ತೆ ಮತ್ತೆ ಬಳಸಿದರೂ ಸೋಲಲಿಲ್ಲ. ಹಿಡಿದು ಬೇರೆಡೆಗೆ ಸಾಗಿಸುವ ಬದಲು ಒಡೆದು ಹಾಕುತ್ತದೆ ಎನ್ನುವುದು ಇದರ ಹೆಚ್ಚುಗಾರಿಕೆ. ಪ್ರಯೋಗಾಲಯದ ಬೀಕರಿನಿಂದ ಜಿಡ್ಡು, ಕೂದಲು, ಕೆಸರು ತುಂಬಿದ ಕೋಟಿ ಲೀಟರಿನ ಹರಿವಿಗೆ ಹೋಗುವ ದಾರಿ ದೂರದ್ದು.

ಸದ್ಯಕ್ಕೆ ಹೆಚ್ಚು ಆಸೆ ಹುಟ್ಟಿಸುವುದು ಚರಂಡಿಯ ಮೇಲ್ತುದಿ. ಮುಖ ತೊಳೆಯುವ ಕ್ರೀಮು, ಪೇಸ್ಟುಗಳ ಪ್ಲಾಸ್ಟಿಕ್ ಮಣಿಗಳನ್ನು ಅಮೆರಿಕ 2015ರ ಡಿಸೆಂಬರಿನ ಒಂದು ಕಾಯ್ದೆಯಿಂದ ನಿಲ್ಲಿಸಿತು. ಕಾರ್ ತಂಡಕ್ಕೆ ಲಾಸ್ ಏಂಜಲಿಸ್‌ನಲ್ಲಿ ಸಿಕ್ಕ ನೀಲಿ ಕಣಗಳು ಟೂತ್‌ಪೇಸ್ಟಿನವುಗಳನ್ನೇ ಹೋಲುತ್ತಿದ್ದವು. ಬಟ್ಟೆಯ ವಿಷಯ ಇನ್ನೂ ಜಟಿಲ. ಬಟ್ಟೆ ಬಿಡುವವರಿಲ್ಲ, ಒಗೆಯುವುದನ್ನೂ ಬಿಡುವವರಿಲ್ಲ. ಒಗೆಯುವ ಬಗೆಯಲ್ಲಿ ಮಾತ್ರ ವ್ಯತ್ಯಾಸವಿದೆ. ಚೀನಾದ ಸಂಶೋಧಕರು 2023ರಲ್ಲಿ ಹೋಲಿಸಿದಾಗ ಒಂದೇ ಪಾಲಿಯೆಸ್ಟರ್ ಬಟ್ಟೆ ಮಷೀನಿನಲ್ಲಿ ಸರಾಸರಿ 23,723 ಎಳೆ ಬಿಟ್ಟರೆ, ಕೈಯಲ್ಲಿ ಒಗೆದಾಗ 1,853 ಮಾತ್ರ ಬಿಟ್ಟಿತು. ಉಜ್ಜುವ ಹಲಗೆ ಬಳಸಿದರೆ ಎಳೆ ಹೆಚ್ಚಿತು. ಒಗೆಯುವ ಕಲ್ಲಿಗೆ ಬಡಿಯುವವರು ಇದನ್ನು ಯೋಚಿಸಬಹುದು.

ಫ್ರಾನ್ಸ್ 2020ರ ಕಾನೂನಿನಲ್ಲಿ ಹೊಸ ವಾಷಿಂಗ್ ಮಷೀನುಗಳಿಗೆ ಎಳೆ ಹಿಡಿಯುವ ಫಿಲ್ಟರ್ ಇರಬೇಕೆಂದು ಬರೆಯಿತು. ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದ್ದೇ ಮಸೂದೆ ಒಪ್ಪಿದರೂ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ 2023ರಲ್ಲಿ ಅದಕ್ಕೆ ಸಹಿ ಹಾಕಲಿಲ್ಲ. ಕಾನೂನಿಗೆ ಕಾಯದೆ ಪ್ರಯೋಗಕ್ಕೆ ಇಳಿದದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ಯಾರಿ ಸೌಂಡ್ ಎಂಬ ಸಣ್ಣ ಊರು. ಅಲ್ಲಿ 97 ಮನೆಗಳ ಮಷೀನುಗಳಿಗೆ ಹೊರಗಿನಿಂದ ಫಿಲ್ಟರ್ ಜೋಡಿಸಿದರು. ಊರಿನ ಘಟಕಕ್ಕೆ ನೀರು ಕಳಿಸುವ ಮನೆಗಳಲ್ಲಿ ಅದು ಹತ್ತನೇ ಒಂದು ಪಾಲಿನಷ್ಟು. ಹಾಕುವ ಮೊದಲಿಗೂ ಹಾಕಿದ ನಂತರಕ್ಕೂ ಹೋಲಿಸಿದಾಗ ಘಟಕದಿಂದ ಹೊರಬರುವ ನೀರಿನಲ್ಲಿ ಎಳೆಗಳು ಸರಾಸರಿ ಶೇ 41ರಷ್ಟು ಕಡಿಮೆಯಾಗಿದ್ದವು ಎಂದು 2021ರಲ್ಲಿ ವರದಿಯಾಯಿತು. ಫಿಲ್ಟರಿನಲ್ಲಿ ಕೂಡಿದ ಬೂದು ಬಣ್ಣದ ನೂಲುಮುದ್ದೆಯನ್ನು ಆಗಾಗ ಕೈಯಿಂದ ತೆಗೆದು, ಒಣಗಿಸಿ, ಕಸದ ಡಬ್ಬಕ್ಕೆ ಹಾಕಬೇಕು. ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಅಷ್ಟೂ ಎಳೆ ಸಿಂಕಿನ ಮೂಲಕ ಮತ್ತೆ ಅದೇ ಒಳಚರಂಡಿಗೆ ಇಳಿಯುತ್ತದೆ.